ಕ್ಷಮಿಸುವುದಕ್ಕೂ ಒಂದು ಕ್ರಮವಿದೆ

‘ಹೋಗಲಿ ಬಿಡು, ಕ್ಷಮಿಸಿಬಿಡು’ ಎನ್ನುವವರಿಗೇನೂ ಕೊರತೆಯಿಲ್ಲ. ಬಿಡುವುದು ಹೇಗೆ ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ. ಬುದ್ಧಿಮಾತು ಹೇಳಿಸಿಕೊಂಡವರ ಪಾಡು ಇನ್ನೂ ಕಷ್ಟ. ಆದ ನೋವು ಹಾಗೇ ಉಳಿದಿರುತ್ತದೆ, ಅದರ ಮೇಲೆ ‘ನನ್ನ ಕೈಲಿ ಕ್ಷಮಿಸೋಕೂ ಆಗ್ತಿಲ್ಲವಲ್ಲ’ ಎಂಬ ಇನ್ನೊಂದು ಕೊರಗು ಸೇರಿಕೊಳ್ಳುತ್ತದೆ. ಕ್ಷಮೆ ದೊಡ್ಡ ಮನಸ್ಸಿನವರಿಗೆ ಮಾತ್ರ ಒಲಿದು ಬರುವ ಗುಣ ಎಂಬ ನಂಬಿಕೆಯೇ ಈ ತೊಡಕಿನ ಬೇರು. ಕ್ಷಮೆಯೊಂದು ಕೆಲಸ. ಅದಕ್ಕೆ ಹಂತಗಳಿವೆ, ಸಮಯ ಹಿಡಿಯುತ್ತದೆ, ಮಾಡುವ ರೀತಿ ತಪ್ಪಿದರೆ ಕೆಡುತ್ತದೆ.

ಕೆಲಸಕ್ಕೆ ಕೈಹಾಕುವ ಮೊದಲು ಒಂದಕ್ಕೊಂದು ಅಂಟಿಕೊಂಡಿರುವ ಕೆಲವು ಸಂಗತಿಗಳನ್ನು ಬಿಡಿಸಿಕೊಳ್ಳಬೇಕು. ಕ್ಷಮಿಸುವುದೆಂದರೆ ಮರೆಯುವುದಲ್ಲ, ನೆನಪಿನ ಮೇಲೆ ಯಾರ ಹಿಡಿತವೂ ನಡೆಯುವುದಿಲ್ಲ. ನಡೆದದ್ದು ಸರಿಯಾಗಿತ್ತು ಎಂದು ಒಪ್ಪಿಕೊಳ್ಳುವುದೂ ಅಲ್ಲ. ನಿಜ ಹೇಳಬೇಕೆಂದರೆ, ತಪ್ಪು ನಡೆದಿದೆ ಎಂದು ಖಚಿತವಾಗಿ ಹೇಳಿದ ಮೇಲಷ್ಟೇ ಕ್ಷಮೆಯ ಮಾತು ಶುರುವಾಗುತ್ತದೆ; ತಪ್ಪೇ ಇಲ್ಲದಿದ್ದರೆ ಕ್ಷಮಿಸುವುದಕ್ಕೆ ಏನಿದೆ? ರಾಜಿ ಬೇರೆ, ಅದಕ್ಕೆ ಇಬ್ಬರು ಬೇಕು. ಕ್ಷಮೆಗೆ ಒಬ್ಬರು ಸಾಕು. ಹಾಗಾಗಿಯೇ ತೀರಿಹೋದವರನ್ನೂ, ಮತ್ತೆಂದೂ ಭೇಟಿಯಾಗದವರನ್ನೂ ಕ್ಷಮಿಸಲು ಸಾಧ್ಯ. ಶಿಕ್ಷೆಯ ಮಾತೂ ಬೇರೆ. ದೂರು ಕೊಟ್ಟು, ಸಾಕ್ಷಿ ಹೇಳಿ, ಪರಿಹಾರ ಪಡೆದುಕೊಂಡೂ ಮನಸ್ಸಿನಲ್ಲಿ ಕ್ಷಮಿಸಬಹುದು.

ಇನ್ನೊಂದು ವ್ಯತ್ಯಾಸವಂತೂ ಬಹಳ ಉಪಯೋಗಕ್ಕೆ ಬರುತ್ತದೆ. ದಶಕಗಳಿಂದ ಕ್ಷಮೆಯನ್ನೇ ಅಧ್ಯಯನ ಮಾಡುತ್ತಿರುವ ಅಮೆರಿಕದ ಮನಶ್ಶಾಸ್ತ್ರಜ್ಞ ಎವೆರೆಟ್ ವರ್ದಿಂಗ್ಟನ್ ನಿರ್ಧಾರದ ಕ್ಷಮೆ, ಭಾವನೆಯ ಕ್ಷಮೆ ಎಂದು ಎರಡು ಬಗೆ ಮಾಡುತ್ತಾರೆ. ‘ಸೇಡು ತೀರಿಸಿಕೊಳ್ಳುವುದಿಲ್ಲ, ಇವರನ್ನು ಮನುಷ್ಯರಂತೆಯೇ ನಡೆಸಿಕೊಳ್ಳುತ್ತೇನೆ’ ಎಂದು ತೀರ್ಮಾನಿಸುವುದು ಮೊದಲನೆಯದು. ಅದು ಒಂದು ಸಂಜೆಯಲ್ಲೂ ಆಗಬಹುದು. ಒಳಗಿನ ಕಹಿ ಕರಗಿ ಆ ಜಾಗಕ್ಕೆ ಕನಿಕರವೋ ತಣ್ಣನೆಯ ಉದಾಸೀನವೋ ಬರುವುದು ಎರಡನೆಯದು, ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ನಿರ್ಧಾರ ಮಾಡಿದ ಮರುದಿನವೂ ಹೊಟ್ಟೆ ಉರಿಯುತ್ತಿದ್ದರೆ ನಿರ್ಧಾರ ಸುಳ್ಳೆಂದಲ್ಲ, ಎರಡನೆಯದು ಇನ್ನೂ ದಾರಿಯಲ್ಲಿದೆ ಎಂದಷ್ಟೇ. ಆ ಉರಿಯನ್ನು ನೋಡಿಯೇ ಎಷ್ಟೋ ಜನ ‘ನನ್ನಿಂದಾಗದು’ ಎಂದು ಕೈಬಿಡುತ್ತಾರೆ.

ಏಕೆ ಕೆಲವು ತಪ್ಪುಗಳು ಬೇಗ ಮಾಸುತ್ತವೆ, ಕೆಲವು ವರ್ಷಗಟ್ಟಲೆ ಕೊರೆಯುತ್ತವೆ? ವರ್ದಿಂಗ್ಟನ್ ಇದಕ್ಕೆ ‘ಅನ್ಯಾಯದ ಅಂತರ’ ಎಂಬ ವಿವರಣೆ ಕೊಡುತ್ತಾರೆ. ನ್ಯಾಯವಾಗಿ ಏನಾಗಬೇಕಿತ್ತು, ಈಗ ಏನಾಗಿದೆ, ಇವೆರಡರ ನಡುವಿನ ದೂರ ಅದು. ತಪ್ಪು ಮಾಡಿದವರು ಒಪ್ಪಿಕೊಂಡರೆ ಅಂತರ ಸ್ವಲ್ಪ ಕಿರಿದಾಗುತ್ತದೆ, ನಷ್ಟ ತುಂಬಿಕೊಟ್ಟರೆ ಇನ್ನಷ್ಟು. ನಿರಾಕರಿಸಿದರೆ, ಸುಳ್ಳು ಹೇಳಿದರೆ, ನಿಮ್ಮ ಮೇಲೆಯೇ ತಿರುಗಿಸಿದರೆ ಅಗಲವಾಗುತ್ತದೆ. ಹಾಗಾಗಿ ಕ್ಷಮಿಸಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ತೀರಾ ಲೌಕಿಕವಾದದ್ದು: ಈ ಅಂತರವನ್ನು ಕಿರಿದು ಮಾಡುವ ಬೇರೆ ದಾರಿ ಇದೆಯೇ? ಹೋದ ಹಣ ವಾಪಸು ಕೇಳಬಹುದೇ, ತಪ್ಪು ಮಾಹಿತಿಯನ್ನು ಸರಿಪಡಿಸುವಂತೆ ಹೇಳಬಹುದೇ, ಎದುರು ಕೂತು ಮಾತಾಡಬಹುದೇ? ಕೇಳಿದರೆ ಸಿಗುವುದನ್ನು ಕೇಳದೆ ಬಿಟ್ಟು, ಪೂರಾ ಭಾರವನ್ನು ಕ್ಷಮೆಯ ತಲೆಗೆ ಕಟ್ಟಿದರೆ ಅದು ಒಳಗೊಳಗೇ ಕೊಳೆಯುತ್ತದೆ. ಕೇಳಿಯೂ ಸಿಗದೆ ಉಳಿದದ್ದೇ ಕ್ಷಮೆಯ ಪಾಲು.

ಕಹಿ ಉಳಿಸಿಕೊಂಡರೆ ದೇಹಕ್ಕೇನಾಗುತ್ತದೆ ಎಂಬುದರ ಬಗ್ಗೆ ಉತ್ಪ್ರೇಕ್ಷೆಯೇ ಹೆಚ್ಚು. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು. 2001ರಲ್ಲಿ ಪ್ರಕಟವಾದ ಷಾರ್ಲಟ್ ವಿಟ್‌ವ್ಲೀಟ್ ಅವರ ಪ್ರಯೋಗದಲ್ಲಿ 71 ಕಾಲೇಜು ವಿದ್ಯಾರ್ಥಿಗಳು ತಮಗೆ ನೋವು ಮಾಡಿದವರನ್ನು ನೆನೆಸಿಕೊಂಡರು. ಒಮ್ಮೆ ದ್ವೇಷ ಸಾಧಿಸುವಂತೆ, ಒಮ್ಮೆ ಕ್ಷಮಿಸುವಂತೆ. ದ್ವೇಷದ ಸರದಿಯಲ್ಲಿ ಹುಬ್ಬು ಗಂಟಿಕ್ಕುವ ಸ್ನಾಯು ಬಿಗಿಯಿತು, ಚರ್ಮ ಹೆಚ್ಚು ಬೆವರಿತು, ಎದೆಬಡಿತವೂ ರಕ್ತದೊತ್ತಡವೂ ಏರಿದವು. ಎದೆಬಡಿತದ ಏರಿಕೆಯಂಥ ಕೆಲವು ಪರಿಣಾಮಗಳು ನೆನಪನ್ನು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಉಳಿದವು. ಇದು ಕೆಲವು ನಿಮಿಷಗಳ ಅಳತೆ. ಕ್ಷಮಿಸಿದರೆ ಕಾಯಿಲೆ ವಾಸಿಯಾಗುತ್ತದೆ ಎಂದು ಇದರಿಂದ ಹೇಳಲು ಬರುವುದಿಲ್ಲ. ಆದರೆ ಒಂದೇ ಜಗಳವನ್ನು ದಿನಕ್ಕೆ ಹತ್ತಾರು ಸಲ ಮನಸ್ಸಿನಲ್ಲಿ ಮತ್ತೆ ಆಡುವವರ ದೇಹವೂ ಅಷ್ಟು ಸಲ ಜಗಳಕ್ಕೆ ಸಿದ್ಧವಾಗುತ್ತದೆ ಎಂಬುದಂತೂ ಸ್ಪಷ್ಟ.

ಈಗ ಕ್ರಮಕ್ಕೆ ಬರೋಣ. ಮೊದಲ ಸಲ ಮಾಡುವವರು ಜೀವನದ ಅತಿದೊಡ್ಡ ಗಾಯವನ್ನು ಎತ್ತಿಕೊಳ್ಳಬಾರದು. ಮಧ್ಯಮ ಗಾತ್ರದ್ದು ಸಾಕು: ಗೆಳೆಯರು ಗುಟ್ಟು ಬಯಲು ಮಾಡಿದ್ದು, ಸಹೋದ್ಯೋಗಿ ನಿಮ್ಮ ಕೆಲಸವನ್ನು ತನ್ನದೆಂದು ಹೇಳಿಕೊಂಡದ್ದು, ಒಡಹುಟ್ಟಿದವರು ಕಷ್ಟಕಾಲದಲ್ಲಿ ಬಾರದೇ ಹೋದದ್ದು. ಒಂದು ಕಾಗದ, ಒಂದು ಪೆನ್ನು, ಯಾರೂ ಬಾರದ ಕೋಣೆ, 15ರಿಂದ 20 ನಿಮಿಷ. ಸತತ ನಾಲ್ಕು ದಿನ ಬರೆಯಬೇಕು. ಈ ಪ್ರಮಾಣ ಸುಮ್ಮನೆ ಹೇಳಿದ್ದಲ್ಲ. 1986ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ನಡೆಸಿದ ಬರವಣಿಗೆಯ ಪ್ರಯೋಗದಲ್ಲಿ ಭಾಗಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದಿದ್ದರು. ಬದುಕಿನ ನೋವಿನ ಘಟನೆಯ ಬಗ್ಗೆ ಬರೆದವರಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗಿತ್ತು, ಆದರೆ ಮುಂದಿನ ತಿಂಗಳುಗಳಲ್ಲಿ ಘಟನೆಯ ಜೊತೆಗೆ ಭಾವನೆಯನ್ನೂ ಬರೆದವರು ಚಿಕಿತ್ಸೆಗೆ ಹೋಗುವುದು ಕಡಿಮೆಯಾಗಿತ್ತು. ಮೊದಲ ದಿನ ಬರೆದು ಮುಗಿಸಿದಾಗ ಕೆಟ್ಟದೆನಿಸಿದರೆ ಅದು ನಿರೀಕ್ಷಿತವೇ. ಮಲಗುವ ಮುಂಚೆ ಬರೆಯುವುದು ಬೇಡ, ನಿದ್ದೆ ಕೆಡುತ್ತದೆ.

ಮೊದಲ ದಿನ ನಡೆದದ್ದನ್ನು ಸಾಕ್ಷಿ ಹೇಳುವವರಂತೆ ಬರೆಯಿರಿ. ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ: ನಡೆದದ್ದು, ನಾವು ಅರ್ಥ ಮಾಡಿಕೊಂಡದ್ದು ಎರಡೂ ಕಲಸಿಹೋಗಿರುತ್ತವೆ. ‘ನನ್ನನ್ನು ಕಸಕ್ಕಿಂತ ಕಡೆಯಾಗಿ ಕಂಡಳು’ ಎಂಬುದು ಅರ್ಥ. ‘ನಾಲ್ಕು ಜನರೆದುರು ನನ್ನ ಮಾತನ್ನು ಎರಡು ಸಲ ತಡೆದಳು, ಕೊನೆಗೆ ನಕ್ಕಳು’ ಎಂಬುದು ಘಟನೆ. ಘಟನೆಗೆ ಒಂದು ಗಾತ್ರವಿರುತ್ತದೆ, ಅರ್ಥಕ್ಕೆ ಇರುವುದಿಲ್ಲ. ಎರಡನೇ ದಿನ ಏನೇನು ಕಳೆದುಕೊಂಡೆ ಎಂದು ಬರೆಯಬೇಕು: ಹಣ, ಸಮಯ, ಹೆಸರು, ಗೆಳೆತನ, ಜನರ ಮೇಲಿನ ಭರವಸೆ. ಸಿಟ್ಟಿನ ಕೆಳಗೆ ಬಹುಪಾಲು ಇರುವುದು ದುಃಖವೇ. ಕಳೆದುಕೊಂಡದ್ದಕ್ಕೆ ಅತ್ತು ಮುಗಿಸದವರು ಸಿಟ್ಟನ್ನು ಬಿಡುವುದು ಕಷ್ಟ. ಈ ದಿನವನ್ನು ಹಾರಿಸಿ ನೇರವಾಗಿ ಅನುಕಂಪಕ್ಕೆ ಹೋದವರ ಕ್ಷಮೆ ಕೆಲವೇ ವಾರ ಬಾಳುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಠಿಣ. ತಪ್ಪು ಮಾಡಿದವರ ಬಾಯಿಂದ ನಿಮಗೆ ಒಂದು ಪತ್ರ ಬರೆಯಬೇಕು. ಹಾಗೆ ಮಾಡಿದ್ದು ಏಕೆ ಎಂದು ಅವರೇ ವಿವರಿಸುವಂತೆ. ಅವರ ಭಯವೇನಿತ್ತು, ಯಾವ ಒತ್ತಡವಿತ್ತು, ಅವರಿಗೆ ಗೊತ್ತಿಲ್ಲದ್ದು ಏನಿತ್ತು? ಬೇಕಿದ್ದರೆ ಎದುರಿಗೊಂದು ಖಾಲಿ ಕುರ್ಚಿ ಇಟ್ಟು ನಿಮ್ಮ ಮಾತು ಹೇಳಿ, ಆಮೇಲೆ ಆ ಕುರ್ಚಿಯಲ್ಲಿ ಕೂತು ಅವರ ಪರವಾಗಿ ಉತ್ತರಿಸಿ. ನೋಡುವವರಿಗೆ ನಗು ಬರುವಂಥ ಕೆಲಸ, ಆದರೆ ಪರಿಣಾಮಕಾರಿ. ಕಾರಣ ತಿಳಿದ ಮಾತ್ರಕ್ಕೆ ತಪ್ಪು ಒಪ್ಪಾಗುವುದಿಲ್ಲ ಎಂಬುದು ಮಾತ್ರ ನೆನಪಿರಲಿ. ‘ಪಾಪ, ಅವನ ಬಾಲ್ಯವೇ ಹಾಗಿತ್ತು, ಹಾಗಾಗಿ ನನ್ನದೇ ತಪ್ಪು’ ಎಂದು ಪತ್ರ ಜಾರತೊಡಗಿದರೆ ಪೆನ್ನು ಕೆಳಗಿಡಿ, ಮೊದಲ ದಿನದ ಸಾಕ್ಷಿಯನ್ನು ಮತ್ತೆ ಓದಿ. ಎಷ್ಟು ಹುಡುಕಿದರೂ ಅನುಕಂಪ ಹುಟ್ಟದಿದ್ದರೆ ಒತ್ತಾಯ ಬೇಡ. ‘ಇವರೂ ಮನುಷ್ಯರೇ’ ಎಂಬಷ್ಟಕ್ಕೆ ನಿಂತರೂ ಮುಂದೆ ಹೋಗಬಹುದು.

ನಾಲ್ಕನೇ ದಿನ, ಬೇರೆ ಯಾರೋ ನಿಮ್ಮನ್ನು ಕ್ಷಮಿಸಿದ ಒಂದು ಸಂದರ್ಭ ನೆನಪು ಮಾಡಿಕೊಳ್ಳಿ. ಅಂಥದ್ದು ಇಲ್ಲದವರು ಇಲ್ಲ. ಆಗ ಎಷ್ಟು ಹಗುರವಾಗಿತ್ತು ಎಂಬುದನ್ನು ಎರಡು ಸಾಲು ಬರೆದು, ಅದರ ಕೆಳಗೆ ತಾರೀಕು ಹಾಕಿ ‘ಇಂಥ ದಿನ, ಇಂಥ ತಪ್ಪನ್ನು ಕ್ಷಮಿಸಲು ನಿರ್ಧರಿಸಿದ್ದೇನೆ’ ಎಂದು ಬರೆದಿಡಿ. ಈ ಕಾಗದ ನಿಮಗಾಗಿ, ಯಾರಿಗೂ ತೋರಿಸುವುದಕ್ಕಲ್ಲ. ಮೂರು ವಾರ ಬಿಟ್ಟು ಯಾವುದೋ ಮಾತಿಗೆ ಹಳೆಯ ಸಿಟ್ಟು ಭುಗಿಲೆದ್ದಾಗ ಇದನ್ನು ತೆಗೆದು ನೋಡಬೇಕು. ಬೆಂಕಿ ತಾಗಿ ಸುಟ್ಟುಕೊಂಡವರು ಮುಂದೆ ಒಲೆ ಕಂಡಾಗ ಕೈ ಹಿಂದೆ ತೆಗೆಯುವುದು ಒಲೆಯ ಮೇಲಿನ ದ್ವೇಷಕ್ಕಲ್ಲ. ನೋವಿನ ನೆನಪು ಮರಳುವುದೂ ಹಾಗೆಯೇ, ಕ್ಷಮೆ ಮುರಿದುಬಿತ್ತು ಎಂದರ್ಥವಲ್ಲ. ನೆನಪು ಬಂದಾಗ ಅದರೊಡನೆ ವಾದಕ್ಕಿಳಿಯದೆ ‘ಇದರ ಬಗ್ಗೆ ತೀರ್ಮಾನವಾಗಿದೆ’ ಎಂದುಕೊಂಡು ಕೈಗೆ ಒಂದು ಕೆಲಸ ಕೊಡಿ. ತಲೆಯೊಳಗಿನ ಅದೇ ಸಂಭಾಷಣೆ ನಿಲ್ಲದೆ ಸುತ್ತುತ್ತಿದ್ದರೆ ಒಂದು ದಿನ ಮತ್ತೆ ಬರೆಯಿರಿ.

ಮೇಲಿನ ಕ್ರಮದ ಬೆನ್ನೆಲುಬು ವರ್ದಿಂಗ್ಟನ್ ರೂಪಿಸಿದ ಐದು ಹೆಜ್ಜೆಗಳು: ನೋವನ್ನು ನೆನೆಯುವುದು, ಅನುಕಂಪ, ಕೊಡುಗೆಯೆಂದು ಕ್ಷಮಿಸುವುದು, ಬದ್ಧತೆ, ಅದನ್ನು ಉಳಿಸಿಕೊಳ್ಳುವುದು. ಬರವಣಿಗೆಯ ಪ್ರಮಾಣ ಪೆನ್ನೆಬೇಕರ್ ಅವರಿಂದ ಬಂದದ್ದು. ವರ್ದಿಂಗ್ಟನ್ ಅವರ ತಾಯಿಯನ್ನು 1996ರ ಹೊಸವರ್ಷದ ಹೊತ್ತಿನಲ್ಲಿ ಮನೆಗೆ ನುಗ್ಗಿದವರು ಕೊಂದರು. ಹೆಜ್ಜೆಗಳನ್ನು ಅವರು ತಮ್ಮ ಮೇಲೆಯೇ ಪ್ರಯೋಗಿಸಿಕೊಳ್ಳಬೇಕಾಯಿತು. ಈ ಹೆಜ್ಜೆಗಳ ಅಭ್ಯಾಸ ಪುಸ್ತಿಕೆಯನ್ನು ಕೊಲಂಬಿಯಾ, ಹಾಂಗ್‌ಕಾಂಗ್, ಇಂಡೊನೇಷ್ಯಾ, ದಕ್ಷಿಣ ಆಫ್ರಿಕಾ, ಉಕ್ರೇನ್‌ಗಳ 4,598 ಜನರೊಡನೆ ಪರೀಕ್ಷಿಸಿದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಸುಮಾರು ಮೂರು ಗಂಟೆಯ ಅಭ್ಯಾಸದಿಂದ ಕಹಿಯ ಜೊತೆಗೆ ಖಿನ್ನತೆ, ಆತಂಕದ ಲಕ್ಷಣಗಳೂ ಇಳಿದಿದ್ದವು. ಆದರೆ ಆಳದ ಗಾಯಗಳಿಗೆ ಮೂರು ಗಂಟೆ ಸಾಲದು. ಬಾಲ್ಯದಲ್ಲಿ ಮನೆಯವರಿಂದಲೇ ಲೈಂಗಿಕ ದೌರ್ಜನ್ಯಕ್ಕೊಳಗಾದ 12 ಮಹಿಳೆಯರೊಡನೆ ಸುಝೇನ್ ಫ್ರೀಡ್‌ಮನ್ ಮತ್ತು ರಾಬರ್ಟ್ ಎನ್‌ರೈಟ್ ಮಾಡಿದ, 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ವಾರವಾರವೂ ನಡೆದ ಕೆಲಸಕ್ಕೆ ಸರಾಸರಿ 14 ತಿಂಗಳು ಹಿಡಿಯಿತು. ಅಂಥ ಗಾಯಗಳನ್ನು ಒಬ್ಬರೇ ಕಾಗದ ಹಿಡಿದು ಕೆದಕಬಾರದು, ತರಬೇತಿ ಪಡೆದ ಆಪ್ತಸಮಾಲೋಚಕರು ಜೊತೆಗಿರಬೇಕು.

ಕ್ಷಮೆ ಹಾನಿ ಮಾಡುವ ಸಂದರ್ಭಗಳೂ ಇವೆ. ಇದನ್ನು ಹೇಳದೆ ಕ್ಷಮೆಯನ್ನು ಹೊಗಳುವ ಉಪದೇಶ ನನಗೆ ಬೇಜವಾಬ್ದಾರಿಯೆನಿಸುತ್ತದೆ. ಜೇಮ್ಸ್ ಮೆಕ್‌ನಲ್ಟಿ ಹೊಸದಾಗಿ ಮದುವೆಯಾದವರನ್ನು ನಾಲ್ಕು ವರ್ಷ ಹಿಂಬಾಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಲಭವಾಗಿ ಕ್ಷಮಿಸುತ್ತಿದ್ದವರ ಸಂಗಾತಿಗಳ ಬೈಗುಳ, ಹೊಡೆತಗಳು ಇದ್ದಷ್ಟೇ ಮುಂದುವರಿದವು. ಅಷ್ಟಾಗಿ ಕ್ಷಮಿಸದವರ ಸಂಗಾತಿಗಳಲ್ಲಿ ಅವು ಕಾಲಕ್ರಮೇಣ ಇಳಿದವು. ಲಾರಾ ಲೂಚೀಸ್ ಮತ್ತು ಸಂಗಡಿಗರು 2010ರಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ: ತಪ್ಪು ಮಾಡಿದವರು ತಿದ್ದಿಕೊಳ್ಳುವವರಾದರೆ ಕ್ಷಮಿಸಿದವರ ಆತ್ಮಗೌರವ ಹೆಚ್ಚುತ್ತದೆ, ತಿದ್ದಿಕೊಳ್ಳದವರನ್ನು ಪದೇಪದೇ ಕ್ಷಮಿಸಿದರೆ ಅದು ಸವೆಯುತ್ತದೆ. ಹೊಡೆತ ಇನ್ನೂ ನಡೆಯುತ್ತಿದ್ದರೆ ಕ್ಷಮೆಯ ಮಾತೇ ಬೇಡ. ಮೊದಲು ಅಲ್ಲಿಂದ ಹೊರಬರುವುದು, ಸಹಾಯ ಕೇಳುವುದು, ಕಾನೂನಿನ ರಕ್ಷಣೆ ಪಡೆಯುವುದು. ಉಳಿದದ್ದಕ್ಕೆ ಆಮೇಲೆ ಬೇಕಾದಷ್ಟು ಸಮಯವಿದೆ.

ನಂಬಿಕೆಯನ್ನೂ ಕ್ಷಮೆಯ ಜೊತೆ ಉಚಿತವಾಗಿ ಕೊಡಬೇಕಿಲ್ಲ. ಸಾಲ ತೀರಿಸದ ಗೆಳೆಯನನ್ನು ಕ್ಷಮಿಸಿ, ಮತ್ತೆ ಸಾಲ ಕೊಡದೇ ಇರಬಹುದು. ಇದರಲ್ಲಿ ಯಾವ ವಿರೋಧವೂ ಇಲ್ಲ. ನಂಬಿಕೆ ಮತ್ತೆ ಕಟ್ಟಬೇಕೆಂದರೆ ಚಿಕ್ಕದಾದ, ಕಣ್ಣಿಗೆ ಕಾಣುವ ಮಾತುಗಳಿಂದ ಶುರು ಮಾಡಬೇಕು. ‘ಇನ್ನು ಮುಂದೆ ಸರಿಯಾಗಿರ್ತೀನಿ’ ಎಂಬುದನ್ನು ಪರೀಕ್ಷಿಸಲಾಗದು. ‘ಶುಕ್ರವಾರ ಸಂಜೆ ಆರಕ್ಕೆ ಫೋನ್ ಮಾಡ್ತೀನಿ’ ಎಂಬುದನ್ನು ಪರೀಕ್ಷಿಸಬಹುದು. ಅಂಥ ಹಲವು ಶುಕ್ರವಾರಗಳಾದ ಮೇಲೆ ಮುಂದಿನ ಹೆಜ್ಜೆ.

ನೀವೇ ತಪ್ಪು ಮಾಡಿದವರಾಗಿದ್ದರೆ? ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ 755 ಜನರ ಮುಂದೆ ಬಗೆಬಗೆಯ ಕ್ಷಮೆಯಾಚನೆಗಳನ್ನಿಟ್ಟು ಯಾವುದು ಒಪ್ಪಿತವಾಗುತ್ತದೆ ಎಂದು ನೋಡಿದರು. ವಿಷಾದ, ವಿವರಣೆ, ಹೊಣೆ ಒಪ್ಪಿಕೊಳ್ಳುವುದು, ಮತ್ತೆ ಮಾಡುವುದಿಲ್ಲವೆಂಬ ಮಾತು, ಸರಿಪಡಿಸುವ ಪ್ರಸ್ತಾಪ, ‘ಕ್ಷಮಿಸಿ’ ಎಂಬ ಬೇಡಿಕೆ, ಹೀಗೆ ಆರು ಭಾಗಗಳಲ್ಲಿ ಎಲ್ಲಕ್ಕಿಂತ ತೂಕದ್ದು ಹೊಣೆ ಒಪ್ಪಿಕೊಳ್ಳುವುದು, ಅದರ ನಂತರ ಸರಿಪಡಿಸುವ ಪ್ರಸ್ತಾಪ. ತೀರಾ ಹಗುರವಾದದ್ದು ಕ್ಷಮಿಸಿ ಎಂಬ ಬೇಡಿಕೆ. ನಾವು ಬಹುಪಾಲು ಅದೊಂದನ್ನೇ ಹೇಳಿ ಮುಗಿಸುತ್ತೇವೆ. ‘ನಿನಗೆ ಬೇಜಾರಾಗಿದ್ರೆ ಸಾರಿ’ ಎಂಬುದರಲ್ಲಿ ಹೊಣೆ ಕೇಳುವವರ ಮೇಲೆ ಬೀಳುತ್ತದೆ. ‘ತಪ್ಪು ನಂದೇ, ಆದ್ರೆ ನೀನೂ...’ ಎಂಬಲ್ಲಿ ‘ಆದ್ರೆ’ಯ ಹಿಂದಿನದ್ದೆಲ್ಲ ಅಳಿಸಿಹೋಗುತ್ತದೆ. ‘ನಿನ್ನ ಬಗ್ಗೆ ಅವರ ಹತ್ತಿರ ಸುಳ್ಳು ಹೇಳಿದ್ದು ನಾನು. ಹೇಳಬಾರದಿತ್ತು. ಅದು ಸುಳ್ಳು ಅಂತ ನಾಳೆ ಅವರಿಗೂ ಹೇಳ್ತೀನಿ’ ಎಂದರೆ ಮೂರು ವಾಕ್ಯದಲ್ಲಿ ಕೆಲಸವಾಯಿತು. ಅವಸರವೂ ಬೇಡ. ನೊಂದವರು ತಮ್ಮ ಮಾತು ಪೂರ್ತಿ ಹೇಳಿ, ಎದುರಿನವರು ಕೇಳಿಸಿಕೊಂಡರು ಎನಿಸಿದ ಮೇಲೆ ಕೇಳಿದ ಕ್ಷಮೆಯೇ ಹೆಚ್ಚು ನಾಟುತ್ತದೆ. ಉತ್ತರಕ್ಕಾಗಿ ಮುಖ ನೋಡುತ್ತ ನಿಲ್ಲುವುದು ಇನ್ನೊಂದು ಬಗೆಯ ಒತ್ತಡ, ಹೇಳಿ ಹೊರಡಬೇಕು. ತನ್ನನ್ನು ತಾನು ಕ್ಷಮಿಸಿಕೊಳ್ಳುವುದಕ್ಕೂ ಇದೇ ಅನುಕ್ರಮ: ಹೊಣೆ, ದುರಸ್ತಿ, ಆಮೇಲೆ ಬಿಡುಗಡೆ. ಮೊದಲೆರಡನ್ನು ಬಿಟ್ಟು ಮೂರನೆಯದಕ್ಕೆ ಹಾರುವುದು ನುಣುಚಿಕೊಳ್ಳುವುದು.

ಕ್ಷಮೆಯ ಮಾತಿನ ಜೊತೆಗೆ ದಯೆಯ ಮಾತನ್ನೂ ತೆಗೆಯುವುದಕ್ಕೆ ಕಾರಣವಿದೆ. ದಿನನಿತ್ಯದ ಅಸಮಾಧಾನಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಕೆಟ್ಟತನದಿಂದಲ್ಲ, ಹೇಳದೆ ಲೆಕ್ಕ ಇಟ್ಟುಕೊಂಡ ಉಪಕಾರಗಳಿಂದ. ‘ಅವರಿಗಾಗಿ ಇಷ್ಟೆಲ್ಲ ಮಾಡಿದೆ, ನನಗೆ ಬೇಕಾದಾಗ ಬರಲಿಲ್ಲ’ ಎಂಬ ದೂರಿನಲ್ಲಿ ಎದುರಿನವರಿಗೆ ಆ ಒಪ್ಪಂದದ ಸುಳಿವೇ ಇರುವುದಿಲ್ಲ. ಹಾಗಾಗಿ ಸಹಾಯ ಮಾಡುವ ಮುಂಚೆ ಒಂದು ಪ್ರಶ್ನೆ ಸಾಕು: ಇವರು ಮುಂದೆ ನನಗೇನೂ ಮಾಡದಿದ್ದರೂ ಇದನ್ನು ಮಾಡುತ್ತೇನೆಯೇ? ಇಲ್ಲವೆಂದಾದರೆ ನಿರೀಕ್ಷೆಯನ್ನು ಬಾಯಿಬಿಟ್ಟು ಹೇಳಿ, ಇಲ್ಲವೇ ಸಹಾಯದ ಗಾತ್ರವನ್ನು ಅರ್ಧ ಮಾಡಿ. ಅರ್ಧದ ಸಹಾಯವನ್ನು ಪೂರ್ಣ ಮನಸ್ಸಿನಿಂದ ಮಾಡುವುದೇ ಮೇಲು.

ಗಾತ್ರ ಚಿಕ್ಕದಾದರೆ ನಷ್ಟವೇನಿಲ್ಲ. ಎಲಿಜಬೆತ್ ಡನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆಳಿಗ್ಗೆ 5 ಇಲ್ಲವೇ 20 ಡಾಲರ್ ಕೊಟ್ಟು, ಸಂಜೆಯೊಳಗೆ ಕೆಲವರಿಗೆ ತಮಗಾಗಿ, ಕೆಲವರಿಗೆ ಬೇರೆಯವರಿಗಾಗಿ ಖರ್ಚು ಮಾಡಲು ಹೇಳಿದರು. ಬೇರೆಯವರಿಗಾಗಿ ಖರ್ಚು ಮಾಡಿದವರು ಹೆಚ್ಚು ಸಂತೋಷವಾಗಿದ್ದರು, ಮೊತ್ತದಿಂದ ವ್ಯತ್ಯಾಸವಾಗಲಿಲ್ಲ. ಪಡೆಯುವವರ ಸಂತೋಷವನ್ನು ಕೊಡುವವರು ಕಡಿಮೆ ಅಂದಾಜು ಮಾಡುತ್ತಾರೆಂದು ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ತೋರಿಸಿದ್ದಾರೆ. ಕೊಡುವವರ ಗಮನ ವಸ್ತುವಿನ ಮೇಲೆ, ಪಡೆಯುವವರ ಗಮನ ಅದರ ಹಿಂದಿನ ಪ್ರೀತಿಯ ಮೇಲೆ. ಇಷ್ಟು ಚಿಕ್ಕದನ್ನೇನು ಕೊಡುವುದು ಎಂದು ಹಿಂಜರಿದು ಬಿಟ್ಟುಬಿಡುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು.

ಸಹಾಯದ ಮಾತು ಖಚಿತವಾಗಿರಲಿ. ‘ಏನಾದ್ರೂ ಬೇಕಿದ್ರೆ ಹೇಳಿ’ ಎಂದರೆ ಯೋಚಿಸುವ, ಕೇಳುವ, ಸಂಕೋಚಪಡುವ ಮೂರೂ ಕೆಲಸ ಕಷ್ಟದಲ್ಲಿರುವವರ ಪಾಲಿಗೆ ಬರುತ್ತದೆ. ‘ನಾಳೆ ಹತ್ತು ಗಂಟೆಗೆ ಆಸ್ಪತ್ರೆಗೆ ನಾನು ಜೊತೆಗೆ ಬರ್ಲಾ? ಬೇಡ ಅಂದ್ರೂ ಪರವಾಗಿಲ್ಲ’ ಎಂದರೆ ಹೂಂ ಅಥವಾ ಉಹೂಂ ಸಾಕು. ಆಗದ್ದಕ್ಕೆ ಬೇಗ ಇಲ್ಲವೆನ್ನುವುದೂ ದಯೆಯೇ. ವಾರಗಟ್ಟಲೆ ‘ನೋಡೋಣ’ ಎನ್ನುವುದು ಅವರ ಬೇರೆ ದಾರಿಗಳನ್ನೂ ಮುಚ್ಚುತ್ತದೆ. ‘ಈ ತಿಂಗಳು ನನ್ನಿಂದ ಆಗಲ್ಲ’ ಎಂದ ಮೇಲೆ ಐದು ಕಾರಣಗಳನ್ನು ಪೋಣಿಸಬೇಡಿ, ಪ್ರತಿ ಕಾರಣವೂ ಚರ್ಚೆಗೊಂದು ಬಾಗಿಲು.

ನೀವು ಕ್ಷಮಿಸಿದವರನ್ನು ಮತ್ತೆ ಎದುರಿಸುವ ಮೊದಲ ಭೇಟಿಗೆ ಕ್ಷಮೆ, ದಯೆ ಎರಡೂ ಬೇಕಾಗುತ್ತವೆ. ಅದು ಹತ್ತು ನಿಮಿಷದೊಳಗಿರಲಿ, ಬೇರೆಯವರೂ ಇರುವ ಜಾಗದಲ್ಲಿರಲಿ. ನಮಸ್ಕಾರ, ಆರೋಗ್ಯ, ಕೆಲಸದ ಒಂದೆರಡು ಮಾತು. ‘ನಾನು ನಿನ್ನನ್ನು ಕ್ಷಮಿಸಿದ್ದೇನೆ’ ಎಂದು ಅವರಾಗಿ ಕೇಳದೆ ಹೇಳಬೇಡಿ. ತಾನು ತಪ್ಪೇ ಮಾಡಿಲ್ಲ ಎಂದುಕೊಂಡವರಿಗೆ ಅದು ಆರೋಪದಂತೆ ಕೇಳಿಸಿ, ಹೊಸ ಜಗಳ ಅಲ್ಲಿಂದಲೇ ಏಳುತ್ತದೆ. ಹಳೆಯ ವಿಷಯವನ್ನು ಅವರೇ ತೆಗೆದರೆ ‘ಇದನ್ನು ಇನ್ನೊಂದು ದಿನ ಕೂತು ಮಾತಾಡೋಣ’ ಎಂದು, ಆಗುವುದಿದ್ದರೆ ದಿನವನ್ನೂ ಹೇಳಿ. ‘ಎಲ್ಲಾ ಸರಿಹೋಯ್ತಾ?’ ಎಂದು ಕೇಳುವ ಮೂರನೆಯವರಿಗೆ ‘ಮಾತಾಡ್ತಿದ್ದೀವಿ’ ಎಂಬ ಒಂದೇ ಪದ ಸಾಕು. ಅದಕ್ಕಿಂತ ಹೆಚ್ಚಿನ ವಿವರ ಸಂಜೆಯೊಳಗೆ ಬೇರೆ ರೂಪದಲ್ಲಿ ನೀವು ಕ್ಷಮಿಸಿದವರ ಕಿವಿ ಮುಟ್ಟಿರುತ್ತದೆ.